ಮಂಟಪ ಮುಳುಗುವ ಮುನ್ನ
ಆರಿದ್ರಾ ಮಳೆ ಹಿಡಿಯಿತೆಂದರೆ ಶಿವಮೊಗ್ಗದಲ್ಲಿ ಗಾಳ ಹಾಕುವವರು ಆಕಾಶ ನೋಡುವುದಿಲ್ಲ, ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ನೋಡುತ್ತಾರೆ. ಅದೆಷ್ಟು ಮುಳುಗಿದೆ ಎಂಬುದೇ ತುಂಗೆಯ ಅಳತೆ. ಕೆನ್ನೀರಿನಲ್ಲಿ ಮೀನಿಗೆ ಕಣ್ಣು ಕಾಣದು. ಮೀಸೆ ಮೀನು ಮಾತ್ರ ಮೀಸೆಯಿಂದಲೇ ಎರೆಹುಳ ಪತ್ತೆ ಮಾಡುತ್ತದೆ. ಕಳೆದ ಮಳೆಗಾಲದಲ್ಲಿ, ಕೊಡೆ ಮಗುಚುವ ಗಾಳಿಯಲ್ಲಿ ಮೂರು ಗಂಟೆ ಕೂತರೂ ನನಗೆ ಸಿಕ್ಕಿದ್ದು ಎರಡೇ. ಒಂದರ ಹೊಟ್ಟೆ ತುಂಬ ಮೊಟ್ಟೆ. ಅದನ್ನು ಹೊಳೆಗೇ ಬಿಟ್ಟೆ. ಹೊಸ ನೀರಿಗೆ ಎದುರೇರಿ ಹಳ್ಳ, ಗದ್ದೆಗಳಲ್ಲಿ ಮೊಟ್ಟೆಯಿಡಲು ಹೊರಟ ಹತ್ತುಮೀನನ್ನು ರಾತ್ರಿ ಬೆಳಕು ಹಿಡಿದು ಕಡಿದು ತರುವುದು ಮಲೆನಾಡಿನ ಹಳೆಯ ರೂಢಿ. ರೂಢಿಯಾದರೂ ತಪ್ಪೇ, ಬರುವ ವರ್ಷದ ಮೀನನ್ನು ಈಗಲೇ ಕೊಂದಂತೆ. ಇನ್ನು ನೀರಿನ ಭಯ ಬೇರೆ. ಗಾಜನೂರಿನ ತುಂಗಾ ಅಣೆಕಟ್ಟೆ ಹಿಡಿಯುವುದು 3.24 ಟಿಎಂಸಿ ಅಷ್ಟೆ, ತೀರ್ಥಹಳ್ಳಿ ಕಡೆ ಜೋರು ಮಳೆಯಾದರೆ ಗೇಟು ಎತ್ತಲೇಬೇಕು. ಭದ್ರಾವತಿಯಲ್ಲಂತೂ ಭದ್ರಾ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಹೊಸ ಸೇತುವೆಯೇ ಮುಳುಗುತ್ತದೆ. ಹೊಳೆಯ ಸದ್ದು ಬದಲಾಯಿತೆಂದರೆ, ಗಾಳದಲ್ಲಿ ಮೀನಿದ್ದರೂ ಸರಿ, ದಾರ ಕಡಿದು ದಡ ಹತ್ತಿಬಿಡಿ.