ಗದ್ದೆಯ ಪಸೆ ಕಾಯುವುದಿಲ್ಲ

ಉದ್ದಿನ ಬೆಲೆ ಏರಿದಾಗ ಗೊಣಗದ ಮನೆ ನಮ್ಮ ಉಡುಪಿ ಜಿಲ್ಲೆಯಲ್ಲಿ ಇರಲಾರದು. ಪಾಳಿ ಮುಗಿಸಿ ಬಂದ ಕಾರ್ಮಿಕನ ದೋಸೆ, ದಿನಸಿ ಅಂಗಡಿಯ ಸಣ್ಣ ಲಾಭ, ಎರಡೂ ಇದಕ್ಕೆ ಕಟ್ಟುಬಿದ್ದಿವೆ. ದೇಶಕ್ಕೆ ಸಾಲದ ಉದ್ದು ಬಹುಪಾಲು ಬರ್ಮಾದಿಂದ, ಅಂದರೆ ಇಂದಿನ ಮ್ಯಾನ್ಮಾರಿನಿಂದ, ಹಡಗೇರಿ ಬರುತ್ತದೆ. ಇತ್ತ ನಂದಿಕೂರಿನ ಸುತ್ತ ಏಣೆಲು ಕೊಯ್ದ ಗದ್ದೆಗಳು ಬರಿದೇ ಬೀಳುತ್ತವೆ. ಇದು ರೈತನ ಸೋಮಾರಿತನವೇ? ಹಾಗೆನ್ನುವವರು ಬೀಜದ ಸ್ವಭಾವ ತಿಳಿದವರಲ್ಲ.

ಬೀಜ ಮೊಳೆಯಲು ಪಸೆ, ಶಾಖ, ಗಾಳಿ ಮೂರೂ ಬೇಕು. ಹೆಸರುಕಾಳನ್ನು ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡುವ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಉದ್ದು, ಹೆಸರು, ಅಲಸಂದೆಗಳಿಗೆ 25ರಿಂದ 35 ಡಿಗ್ರಿ ಶಾಖ ಹಿತ. ಬೀದರಿನ ಡಿಸೆಂಬರ್ ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಅಂಥ ತಣ್ಣನೆಯ ಮಣ್ಣಿನಲ್ಲಿ ಈ ಬೀಜಗಳು ತಡವಾಗಿ ಮೊಳೆಯುತ್ತವೆ, ಇಲ್ಲವೇ ಕೊಳೆಯುತ್ತವೆ. ಅಲ್ಲಿ ಚಳಿ ತಾಳುವ ಕಡಲೆಯೇ ಸರಿ. ನಮ್ಮ ಕರಾವಳಿಗೆ ಆ ಚಳಿಯ ಕಾಟವಿಲ್ಲ. ನಮಗಿರುವ ಶತ್ರು ಒಣಗುವ ಮಣ್ಣು.

ಕೆಸರು ಉತ್ತು ನಾಟಿ ಮಾಡಿದ ಗದ್ದೆ ಒಣಗಿದರೆ ಕಲ್ಲಿನಂತಾಗುತ್ತದೆ. ಉದ್ದಿನ ಮೊಳಕೆ ಬೆನ್ನು ಬಾಗಿಸಿ, ಎರಡು ಬೇಳೆಗಳನ್ನೂ ಹೊತ್ತು ಮೇಲೇಳಬೇಕು. ಮೇಲ್ಮಣ್ಣು ಹೆಪ್ಪುಗಟ್ಟಿದ್ದರೆ ಅದರ ಕತ್ತು ಮುರಿಯುತ್ತದೆ. ಬೀಜ ತೀರ ಆಳಕ್ಕೆ ಬಿದ್ದರೆ ಮೊಳಕೆ ಸೋಲುತ್ತದೆ. ಮೇಲೆಯೇ ಉಳಿದರೆ ಒಣಗುತ್ತದೆ. ಒಂದೂವರೆ ಅಂಗುಲ ಆಳ ಸಾಕು. ಕೊಯ್ಲಾದ ಕೆಲವೇ ದಿನಗಳಲ್ಲಿ, ಪಸೆ ಆರುವ ಮೊದಲು ಬಿತ್ತಿದರೆ ನಾಲ್ಕೈದು ದಿನಗಳಲ್ಲಿ ಸಾಲು ಕಾಣುತ್ತದೆ. ತಡಮಾಡಿದರೆ ಮೊಳೆತದ್ದೂ ಹೂ ಬಿಡುವ ಹೊತ್ತಿಗೆ ನೀರಿಲ್ಲದೆ ಬಾಡುತ್ತದೆ.

ಆದ್ದರಿಂದ ಬೀಜ ಕೈಸೇರುವ ದಿನವೇ ಬೆಳೆಯ ಹಣೆಬರಹ. ಭತ್ತ ಕೊಯ್ಯುವ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ, ಸಹಕಾರಿ ಸಂಘದಲ್ಲಿ ಬೀಜ ಸಿದ್ಧವಿರಬೇಕು. ಪ್ರಮಾಣಿತ ಉದ್ದಿನ ಬೀಜ ನೂರಕ್ಕೆ 75ರಷ್ಟಾದರೂ ಮೊಳೆಯಬೇಕೆಂಬುದು ನಿಯಮ. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿಟ್ಟರೆ ವಾರದೊಳಗೆ ಸತ್ಯ ಹೊರಬೀಳುತ್ತದೆ. ಆ ಲೆಕ್ಕವನ್ನು ಸಂಘದ ಹಲಗೆಯ ಮೇಲೆ ಬರೆಯಲಿ.

1974ರ ಭೂಸುಧಾರಣೆ ಉಳುವವನಿಗೆ ಗದ್ದೆಯ ಹಕ್ಕು ತಂದಿತು. ಹಕ್ಕುಪತ್ರವನ್ನು ಬಿತ್ತಿ ಉದ್ದು ಬೆಳೆಯಲಾಗದು. ಹೊತ್ತಿಗೆ ಸರಿಯಾಗಿ ಒಳ್ಳೆಯ ಬೀಜ ಸಿಗುವುದೂ ರೈತನ ಹಕ್ಕೇ. ಅದಕ್ಕಾಗಿ ಅವನೊಬ್ಬನೇ ಕೂಗಿದರೆ ಸಾಲದು. ಉದ್ದನ್ನು ಕೊಂಡು ತಿನ್ನುವ ಕಾರ್ಮಿಕನೂ ಮಾರುವ ವ್ಯಾಪಾರಿಯೂ ದನಿಗೂಡಿಸಬೇಕು.