ಬೇಟೆಯ ಮೂಗಿಗೆ ತೋಟದ ಪಾಠ

ಕುಂಬ್ಡಾಜೆಯ ಓದುಗರೊಬ್ಬರು ಬರೆದು ಕೇಳಿರುವ ಪ್ರಶ್ನೆ ಸ್ವಾರಸ್ಯವಾದುದು. ಅವರ ಮಗ ಪೇಟೆಯಿಂದ ನಾಲ್ಕು ತಿಂಗಳ ಬೀಗಲ್ ಮರಿಯೊಂದನ್ನು ತಂದಿದ್ದಾನೆ. ಅದು ಮೊಲದ ಬೇಟೆಗೆಂದೇ ಬೆಳೆಸಿದ ಜಾತಿಯೆಂದು ತಿಳಿದಂದಿನಿಂದ ಮನೆಯ ಹುಡುಗರಿಗೆ ಒಂದೇ ಹಟ: ಇದನ್ನು ಪದವಿಗೆ ಒಯ್ದು ಮೊಲ ಹಿಡಿಯಲು ಕಲಿಸಬೇಕು. ಇತ್ತ ಮರಿಯಾದರೋ ಕಲಿಸುವವರಿಗಾಗಿ ಕಾಯದೆ ಮೂಗನ್ನು ನೆಲಕ್ಕೆ ಹಚ್ಚಿ ತೋಟ ದಾಟಿ ಹೋಗತೊಡಗಿದೆ. ಕರೆದರೆ ತಿರುಗಿಯೂ ನೋಡುವುದಿಲ್ಲ. ಏನು ಮಾಡೋಣವೆಂದು ಕೇಳಿದ್ದಾರೆ.

ಕಾನೂನಿನ ಮಾತನ್ನು ಮೊದಲು ಹೇಳಿ ಮುಗಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೂ ಪರವಾನಗಿ ಪಡೆದು ಬೇಟೆಯಾಡುವ ಅವಕಾಶ ಸ್ವಲ್ಪ ಉಳಿದಿತ್ತು. 1991ರ ತಿದ್ದುಪಡಿಯಿಂದ ಅದೂ ಹೋಯಿತು. ಕಾಯಿದೆಯ ಕಣ್ಣಿಗೆ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ; ಹಿಡಿಯುವುದು, ಅಟ್ಟುವುದು, ಉರುಳೊಡ್ಡುವುದು, ಅದಕ್ಕೆ ಯತ್ನಿಸುವುದು ಕೂಡ ಬೇಟೆಯೇ. ಆದುದರಿಂದ 'ಕೊಲ್ಲುವುದಿಲ್ಲ, ನಾಯಿಗೆ ಓಡಿಸಲು ಕಲಿಸುತ್ತೇವೆ ಅಷ್ಟೇ' ಎಂಬ ಹುಡುಗರ ವಾದ ನಿಲ್ಲುವುದಿಲ್ಲ.

ಹಿರಿಯರಿಗೆ ಇದು ಕಟುವಾಗಿ ಕಾಣಬಹುದು. ಪೊನ್ನಿ ತಿಂಗಳ ಕೊನೆಗೆ, ಅಂದರೆ ಫೆಬ್ರವರಿಯ ಎರಡನೆಯ ವಾರದ ಹೊತ್ತಿಗೆ ಬರುವ ಕೆಡ್ಡಸದ ದಿನಗಳಲ್ಲಿ ಭೂಮಿತಾಯಿ ಋತುಮತಿಯಾಗುವಳೆಂಬ ನಂಬಿಕೆಯಿಂದ ಯಾರೂ ಮಣ್ಣು ಅಗೆಯುತ್ತಿರಲಿಲ್ಲ. ಕೆಲಸಕ್ಕೆ ಬಿಡುವಾದ ಗಂಡಸರು ಊರ ನಾಯಿಗಳನ್ನು ಕೂಡಿಕೊಂಡು ಬೋಂಟೆಗೆ ಹೊರಡುತ್ತಿದ್ದರು. ಆ ನಾಯಿಗಳಿಗೆ ಯಾರೂ ಪಾಠ ಹೇಳಿದವರಲ್ಲ. ಹಳೆಯ ನಾಯಿಯ ಬೆನ್ನಿಗೆ ಮರಿ ಓಡುತ್ತಿತ್ತು, ಓಡುತ್ತಲೇ ಕಲಿಯುತ್ತಿತ್ತು. ಕೆಡ್ಡಸದ ಹುರಿದ ಅಕ್ಕಿ, ಹುರುಳಿ ಉಳಿದರೆ ನನಗೆ ಸಾಕು. ಬೋಂಟೆ ಹೋದುದಕ್ಕೆ ವಿಷಾದವಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕನ್ನಡದಲ್ಲಿ ನಾವು ಮೊಲ ಎಂಬ ಒಂದೇ ಶಬ್ದದಿಂದ ಎರಡು ಬೇರೆ ಪ್ರಾಣಿಗಳನ್ನು ಕರೆಯುತ್ತೇವೆ. ಗೂಡಿನಲ್ಲಿ ಸಾಕುವ ಬಿಳಿ ಮೊಲ ಯುರೋಪಿನ ಬಿಲವಾಸಿಯ ಸಂತತಿ. ಅದರ ಮರಿಗಳು ಹುಟ್ಟುವಾಗ ಕಣ್ಣು ತೆರೆದಿರುವುದಿಲ್ಲ, ಮೈಮೇಲೆ ರೋಮವೂ ಇರುವುದಿಲ್ಲ. ನಮ್ಮ ಪದವಿನ ಕಪ್ಪು ಕತ್ತಿನ ಮೊಲವಾದರೋ ಬಿಲ ತೋಡುವುದಿಲ್ಲ. ಹುಲ್ಲಿನ ಬುಡದಲ್ಲಿ ಮೈಯಷ್ಟೇ ಹಿಡಿಸುವ ತಗ್ಗಿನಲ್ಲಿ ಹಗಲೆಲ್ಲ ಅಡಗಿದ್ದು ಮುಸ್ಸಂಜೆಗೆ ಮೇಯಲು ಹೊರಡುತ್ತದೆ. ಅದರ ಮರಿ ಕಣ್ಣು ತೆರೆದುಕೊಂಡೇ ಹುಟ್ಟಿ ಬಯಲಿನಲ್ಲಿಯೇ ಬೆಳೆಯುತ್ತದೆ. ಮೂಸುತ್ತ ಬರುವ ನಾಯಿಗೆ ಆ ಮರಿ ತೀರ ಸುಲಭದ ತುತ್ತು.

ಬೀಗಲ್ ರೂಪುಗೊಂಡುದು ಇಂಗ್ಲೆಂಡಿನಲ್ಲಿ. ಡಾರ್ವಿನ್ನನನ್ನು 1831ರಲ್ಲಿ ಲೋಕಸಂಚಾರಕ್ಕೆ ಒಯ್ದ ಹಡಗಿಗೂ ಇದೇ ಹೆಸರು. ನಮ್ಮ ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ. ಬಯಲುಸೀಮೆಯಲ್ಲಿ ಮೊಲವನ್ನು ಕಂಡು, ಓಟದಲ್ಲಿ ಗೆದ್ದು ಹಿಡಿಯುತ್ತಿತ್ತು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೂ ಹೊರಡಿಸಿತು. ಬೀಗಲಿಗೆ ಅಂತಹ ವೇಗವಿಲ್ಲ. ಅದರ ಬಲವೆಲ್ಲ ಮೂಗಿನಲ್ಲಿ. ಬೀಗಲ್ ಸಾಕುವ ಬೇಟೆಗಾರರು ಮರಿಗೆ ಬೇಲಿ ಹಾಕಿದ ಬಯಲಿನಲ್ಲಿ ಮೊದಲು ಮೊಲವನ್ನು ಕಣ್ಣಿಗೆ ತೋರಿಸುತ್ತಾರೆ. ಮೊಲ ಪೊದೆ ಹೊಕ್ಕು ಮರೆಯಾದೊಡನೆ ಮರಿ ಅನಿವಾರ್ಯವಾಗಿ ಮೂಗನ್ನು ನೆಲಕ್ಕಿಳಿಸುತ್ತದೆ. ಒಮ್ಮೆ ವಾಸನೆ ಹಿಡಿದರೆ ಎಳೆದೆಳೆದು ಕೂಗುತ್ತ ಹಿಂಬಾಲಿಸುತ್ತದೆ. ಆ ಮೊಲ ತನ್ನ ನೆಲೆ ಬಿಟ್ಟು ದೂರ ಹೋಗದೆ ಸುತ್ತು ಹಾಕಿ ಹೊರಟಲ್ಲಿಗೇ ಬರುವುದರಿಂದ, ಬೇಟೆಗಾರ ನಾಯಿಯ ಹಿಂದೆ ಓಡಬೇಕಾಗಿಲ್ಲ. ಕೂಗನ್ನು ಆಲಿಸುತ್ತ ನಿಂತಲ್ಲಿಯೇ ನಿಂತಿರುತ್ತಾನೆ.

ಓದುಗರ ಮರಿ ಕರೆದರೆ ಏಕೆ ಬರುವುದಿಲ್ಲವೆಂಬುದಕ್ಕೆ ಉತ್ತರ ಇಲ್ಲಿದೆ. ಯಜಮಾನನ ಮುಖ ನೋಡದೆ ವಾಸನೆಯ ಹಿಂದೆ ಹೋಗುವ ನಾಯಿಗಳನ್ನೇ ಆರಿಸಿ ಆರಿಸಿ ಬೆಳೆಸಿದ ಕುಲವದು. ಹೊಡೆದರೆ ಆ ಗುಣ ಹೋಗದು. ಹಾಗೆಂದು ಬಿಟ್ಟುಬಿಡುವಂತೆಯೂ ಇಲ್ಲ. ಹಂದಿಗೆಂದು ಒಡ್ಡಿದ ತಂತಿಯ ಉರುಳು, ಕಳ್ಳತನದಿಂದ ವಿದ್ಯುತ್ತು ಹಾಯಿಸಿದ ಬೇಲಿ, ತಿಂಡಿಯೊಳಗೆ ಅಡಗಿಸಿಟ್ಟ ಪಟಾಕಿ ಇವು ಹಂದಿಯಾವುದು, ನಾಯಿಯಾವುದು ಎಂದು ನೋಡುವುದಿಲ್ಲ. ನಸುಕಿನಲ್ಲಿ ತೋಡಿನ ಬದಿಗೆ ಹೋದ ಮನುಷ್ಯರೂ ಇಂತಹ ಬೇಲಿಗೆ ಬಲಿಯಾಗಿದ್ದಾರೆ. ಕೃಷಿ ಹಾಳುಮಾಡುವ ಕಾಡುಹಂದಿಯನ್ನು ಗುಂಡಿಟ್ಟು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತಿಯ ಅಧ್ಯಕ್ಷರಿಗೆ ಒಪ್ಪಿಸಿತು. ವಿಷ, ಸ್ಫೋಟಕ, ವಿದ್ಯುತ್ತಿಗೆ ಅದರಲ್ಲಿಯೂ ಅನುಮತಿಯಿಲ್ಲ. ನಿಯಮ ಹೀಗಿದ್ದರೂ ಉರುಳುಗಳು ಗುಡ್ಡೆಯಲ್ಲಿ ಇದ್ದೇ ಇವೆ.

ಹಾಗಾದರೆ ಮಾಡಬೇಕಾದುದು ಮೂಗಿಗೆ ಬೇರೆ ಕೆಲಸ ಕೊಡುವುದು. ಮರಿಯ ಕೊರಳಿಗಲ್ಲ, ಎದೆಗೆ ಪಟ್ಟಿ ಕಟ್ಟಿ. ಅದಕ್ಕೆ ಹತ್ತು ಹನ್ನೆರಡು ಮೊಳದ ಹಗುರವಾದ ಹಗ್ಗ ಹಾಕಿ. ಮೊದಲ ಪಾಠ ಹಿಂದಿರುಗಿ ಬರುವುದು. ಹಗ್ಗ ಸಡಿಲ ಬಿಟ್ಟು, ಒಂದೇ ಶಬ್ದದಿಂದ, ಒಂದೇ ದನಿಯಲ್ಲಿ ಕರೆಯಬೇಕು. ಅಪ್ಪ ಒಂದು ಹೆಸರು, ಮಗ ಇನ್ನೊಂದು, ಅಜ್ಜಿ ಮತ್ತೊಂದು ಹೆಸರಿನಿಂದ ಕರೆಯುವ ಮನೆಗಳನ್ನು ನೋಡಿದ್ದೇನೆ. ಅಲ್ಲಿ ನಾಯಿ ಕಲಿಯುವುದಾದರೂ ಏನನ್ನು? ಬಂದೊಡನೆ ತಿನ್ನಲು ಕೊಡಿ. ಎಷ್ಟು ತಡವಾಗಿ ಬಂದರೂ ಬಂದ ಮೇಲೆ ಗದರಿಸಬೇಡಿ. ಗದರಿಸಿದರೆ, ಬರುವುದೇ ತಪ್ಪೆಂದು ಅದು ತಿಳಿದುಕೊಳ್ಳುತ್ತದೆ.

ಎರಡನೆಯದು ಜಾಡು ಹಿಡಿಯುವುದು. ಗೋಣಿಯ ತುಂಡಿಗೆ ಒಣಮೀನನ್ನು ಉಜ್ಜಿ, ಮರಿಯ ಕಣ್ಣು ತಪ್ಪಿಸಿ ಅಂಗಳದಲ್ಲಿ ಹತ್ತು ಹೆಜ್ಜೆ ಎಳೆದು, ಕೊನೆಯಲ್ಲಿ ಒಂದು ಚೂರು ಮೀನು ಇಡಿ. ಮೀನು ಒಳಗೆ ಬಾರದ ಮನೆಗಳಲ್ಲಿ ತುಪ್ಪ ಸವರಿದ ದೋಸೆಯ ತುಂಡೂ ಆದೀತು. ಅದು ಕರಗತವಾದ ಮೇಲೆ ಮೂವತ್ತು ಹೆಜ್ಜೆ. ಆ ಬಳಿಕ ಅಡಿಕೆಮರಗಳ ನಡುವೆ ಒಂದು ತಿರುವು. ಮುಂದೆ ಜಾಡು ಎಳೆದು ಅರ್ಧ ಗಂಟೆ ಬಿಟ್ಟು ಹುಡುಕಿಸುವುದು. ಇಬ್ಬನಿ ಆರದ ಮುಂಜಾನೆಯೇ ಇದಕ್ಕೆ ತಕ್ಕ ಹೊತ್ತು. ತಂಪಾದ ಒದ್ದೆ ನೆಲದಲ್ಲಿ ವಾಸನೆ ನಿಲ್ಲುತ್ತದೆ; ಮಧ್ಯಾಹ್ನದ ಮುರಕಲ್ಲಿನ ಮೇಲೆ ವಾಸನೆಯೂ ನಿಲ್ಲದು, ಮರಿಯ ಪಾದವೂ ಸುಡುತ್ತದೆ. ದಿನಕ್ಕೆ ಕಾಲು ಗಂಟೆ ಸಾಕು. ಇನ್ನೂ ಬೇಕೆಂದು ಮರಿ ಬಾಲವಾಡಿಸುವಾಗಲೇ ಪಾಠ ನಿಲ್ಲಿಸಿ.

ಇದು ಮಕ್ಕಳಾಟವೆಂದು ಹುಡುಗರು ನಕ್ಕಾರು. ಅಮೆರಿಕದ ಕೃಷಿ ಇಲಾಖೆ 1984ರಿಂದ ವಿಮಾನ ನಿಲ್ದಾಣಗಳಲ್ಲಿ ಬೀಗಲುಗಳಿಗೆ ಇದೇ ವಿದ್ಯೆಯನ್ನು ಕಲಿಸಿ ನಿಲ್ಲಿಸಿದೆ. ಮಗಳ ಮನೆಗೆ ಹೊರಟ ನಮ್ಮ ಅಮ್ಮಂದಿರ ಪೆಟ್ಟಿಗೆಯಲ್ಲಿ ಕಾಡುಮಾವಿನ ಹಣ್ಣಿದ್ದರೆ, ಬೀಗಲ್ ಬಂದು ಪೆಟ್ಟಿಗೆಯ ಪಕ್ಕದಲ್ಲಿ ಸದ್ದಿಲ್ಲದೆ ಕುಳಿತುಬಿಡುತ್ತದೆ. ಇಂತಹ ಮೂಗಿಗೆ ಹಣ ಕೊಟ್ಟು ತಂದ ಜಾತಿನಾಯಿಯೇ ಬೇಕೆಂದಿಲ್ಲ. 2020ರ ಆಗಸ್ಟಿನಲ್ಲಿ ಇಡುಕ್ಕಿಯ ಪೆಟ್ಟಿಮುಡಿಯಲ್ಲಿ ಗುಡ್ಡ ಕುಸಿದಾಗ, ತನ್ನೊಡನೆ ಆಡುತ್ತಿದ್ದ ಮಗುವಿನ ದೇಹವಿದ್ದ ಎಡೆಯನ್ನು ದಿನಗಳ ಬಳಿಕ ತೋರಿಸಿಕೊಟ್ಟುದು ಕುವಿ ಎಂಬ ನಾಡನಾಯಿ.

ಮೂರನೆಯ ಪಾಠ ಹಟ್ಟಿಯ ಕರು, ಕೋಳಿ, ನೆರೆಮನೆಯ ಗೂಡಿನ ಮೊಲ ಇವುಗಳ ನಡುವೆ ಸುಮ್ಮನೆ ಕುಳಿತಿರುವುದು. ಹಗ್ಗ ಹಿಡಿದು ದೂರದಿಂದ ತೋರಿಸಿ, ನೋಡಿಯೂ ಎಳೆಯದಿದ್ದರೆ ತಿಂಡಿ ಕೊಡುತ್ತ ದಿನದಿನಕ್ಕೆ ಹತ್ತಿರ ಒಯ್ಯಬೇಕು.

ಇವೆಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ. ಪತ್ರದಲ್ಲಿ ಚುಚ್ಚುಮದ್ದಿನ ಮಾತೇ ಇಲ್ಲ. ಹುಚ್ಚುನಾಯಿ ರೋಗದ ಲಸಿಕೆಯನ್ನು ಮರಿಗೆ ಮೂರು ತಿಂಗಳು ತುಂಬಿದಾಗ ಹಾಕಿಸಬೇಕು; ಆ ಮೇಲೆ ಪಶುವೈದ್ಯರು ಹೇಳಿದಂತೆ ಇನ್ನೊಮ್ಮೆ, ಅನಂತರ ವರ್ಷವರ್ಷವೂ. ಗುಡ್ಡೆ ಸುತ್ತುವ ನಾಯಿ ನರಿಯೊಡನೆಯೋ ಬೀದಿನಾಯಿಯೊಡನೆಯೋ ಕಚ್ಚಾಡದೆ ಇರದು. ಮನೆಯ ಮರಿಯ ಹಲ್ಲೇ ತಾಗಿದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅರಸಿನ, ಸುಣ್ಣ ಹಚ್ಚಿ ಕಾಯುವಂತಿಲ್ಲ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧವಿಲ್ಲ. ನಾಲ್ಕು ತಿಂಗಳ ಮರಿಗೆ ಈಗಾಗಲೇ ತಡವಾಗಿದೆ. ಹಗ್ಗ ಕೊಳ್ಳಲು ಪೇಟೆಗೆ ಹೋಗುವ ದಿನವೇ ಮರಿಯನ್ನೂ ಪಶು ಆಸ್ಪತ್ರೆಗೆ ಒಯ್ಯಿರಿ. ಲಸಿಕೆಯ ಚೀಟಿಯನ್ನು ಜೋಪಾನವಾಗಿರಿಸಿ, ಪಂಚಾಯತಿಯ ಪರವಾನಗಿಗೂ ಅದು ಬೇಕಾಗುತ್ತದೆ.