ಸಂಚಿ ಊರು ಬಿಟ್ಟಾಗ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಹಿರಿಯರೊಬ್ಬರು ಊರು ಬಿಟ್ಟು ಹೊರಟರೆಂದರೆ ಮೊದಲು ಸಿದ್ಧವಾಗುವುದು ಬಟ್ಟೆಯ ಪೆಟ್ಟಿಗೆಯೂ ಅಲ್ಲ, ಬುತ್ತಿಯ ಡಬ್ಬಿಯೂ ಅಲ್ಲ, ಕವಳದ ಸಂಚಿ. ಬಸ್ಸು ತಪ್ಪಿದರೆ ಮತ್ತೊಂದು ಬಸ್ಸುಂಟು. ಪಂಚೆ ಮರೆತರೆ ನೆಂಟರ ಮನೆಯಲ್ಲಿ ಪಂಚೆಯುಂಟು. ಸಂಚಿ ಮರೆತರೆ ಮಾತ್ರ ಆನಂದಪುರ ದಾಟುವುದರೊಳಗೆ ಮುಖ ಬಾಡುತ್ತದೆ, ಮಾತು ಮೊಟಕಾಗುತ್ತದೆ. ಅಡಿಕೆಯ ನಾಡಿನಲ್ಲಿ ಇದು ಸೋಜಿಗವೇನಲ್ಲ. ಅಡಿಕೆ ಸ್ವಂತ ತೋಟದ್ದು, ಎಲೆ ಅದೇ ತೋಟದ ಮರಕ್ಕೆ ಹಬ್ಬಿದ ಬಳ್ಳಿಯದು. ಬಂದವರಿಗೆ ನೀರು ಕೊಟ್ಟೊಡನೆ ಎಲೆಯಡಿಕೆಯ ಹರಿವಾಣ ಮುಂದಿಡದಿದ್ದರೆ ಆ ಮನೆಯ ಉಪಚಾರವೇ ಅರ್ಧವಾದಂತೆ.

ಮನೆಯಲ್ಲಿರುವಾಗ ಸಂಚಿಯಿಂದ ಯಾರಿಗೂ ತೊಂದರೆಯಿಲ್ಲ. ಅದಕ್ಕೆಂದೇ ಒಂದು ಗೂಟವುಂಟು. ಸುಣ್ಣದ ಡಬ್ಬಿ ಎಲ್ಲಿದೆಯೆಂಬುದು ಮನೆಯವರಿಗೆಲ್ಲ ಗೊತ್ತು. ಊರು ಬಿಟ್ಟೊಡನೆ ಈ ಕಟ್ಟು ಮುರಿಯುತ್ತದೆ. ಬೆಂಗಳೂರಿನ ಮಗಳ ಮನೆಯಲ್ಲಿ ಗೂಟವಿಲ್ಲ. ಸಂಚಿ ಸೋಫಾದ ಮೇಲೆ ಕುಳಿತುಕೊಳ್ಳುತ್ತದೆ. ಆ ಮನೆಯಲ್ಲಿ ಮೂರು ವರ್ಷದ ಮೊಮ್ಮಗನಿರುತ್ತಾನೆ, ಅಜ್ಜನ ಸಂಚಿಯೆಂದರೆ ಅವನಿಗೆ ಮಾಯಾಪೆಟ್ಟಿಗೆ. ಈ ವಾರ ನಾವು ಆಡಬೇಕೆಂದಿರುವ ಮಾತು ಇದರ ಸುತ್ತಲಿನದು.

ಹಳೆಯ ಸಂಚಿಯ ಜಾಣತನ

ಹಿಂದಿನವರು ಹೊಲಿಸುತ್ತಿದ್ದ ಬಟ್ಟೆಯ ಸಂಚಿಯನ್ನು ಬಿಡಿಸಿ ನೋಡಿದವರಿಗೆ ಅದರೊಳಗಿನ ವ್ಯವಸ್ಥೆ ಅರ್ಥವಾಗುತ್ತದೆ. ಒಂದರ ಹಿಂದೊಂದು ಅರೆಗಳು. ಎಲ್ಲವನ್ನೂ ಬಿಗಿಯುವುದಕ್ಕೆ ಒಂದು ದಾರ. ಎಲೆಗೆ ಒಂದು ಅರೆ, ಅಡಿಕೆಗೆ ಒಂದು, ಹೊಗೆಸೊಪ್ಪಿಗೆ ಇನ್ನೊಂದು. ಸುಣ್ಣ ಮಾತ್ರ ಬಟ್ಟೆಗೆ ತಾಗದಂತೆ ಲೋಹದ ಡಬ್ಬಿಯೊಳಗೆ, ಬಿಗಿಯಾದ ಮುಚ್ಚಳದ ಕೆಳಗೆ. ಇದನ್ನು ಅಂದಚಂದಕ್ಕಾಗಿ ಮಾಡಿದವರಲ್ಲ. ಎಲೆಗೆ ತಂಪು ಬೇಕು, ಅಡಿಕೆಗೆ ಒಣಗು ಬೇಕು. ಎರಡನ್ನೂ ಒಂದೇ ಅರೆಯಲ್ಲಿಟ್ಟರೆ ಎಲೆ ಬಾಡಿ ಅಡಿಕೆ ಬೂಷ್ಟು ಹಿಡಿಯುತ್ತದೆ. ಸುಣ್ಣಕ್ಕೆ ಗಾಳಿ ತಾಗಬಾರದು. ತಾಗಿದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನೊಡನೆ ಕೂಡಿ ಮತ್ತೆ ಕಲ್ಲಿನ ಪುಡಿಯಾಗುತ್ತದೆ. ಮುಚ್ಚಳ ಭದ್ರವಾಗಿದ್ದರೆ ಸುಣ್ಣವೂ ಕೆಡುವುದಿಲ್ಲ, ಸುಣ್ಣದಿಂದ ಬೇರೆಯವರಿಗೂ ಕೆಡುಕಾಗುವುದಿಲ್ಲ.

ಇಂದು ಈ ಸಂಚಿಯ ಸ್ಥಾನವನ್ನು ಅನೇಕ ಕಡೆ ಪ್ಲಾಸ್ಟಿಕ್ ಚೀಲ ಆಕ್ರಮಿಸಿದೆ. ಡಬ್ಬಿಯ ಸ್ಥಾನವನ್ನು ಅಂಗಡಿಯಲ್ಲಿ ಸಿಕ್ಕುವ ಸುಣ್ಣದ ಪೊಟ್ಟಣ. ಬೆರಳಷ್ಟು ಗಾತ್ರದ, ಮೆತ್ತನೆಯ, ಅದುಮಿದರೆ ಉಬ್ಬುವ ಈ ಪೊಟ್ಟಣ ಮಕ್ಕಳ ಕಣ್ಣಿಗೆ ಆಟದ ಸಾಮಾನು. ಅಪಾಯವಿರುವುದು ಇಲ್ಲಿಯೇ.

ಕಣ್ಣಿಗೆ ಸುಣ್ಣ

ಪಕ್ಷಪಾತ ಮಾಡುವವರನ್ನು ಕುರಿತು ‘ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ’ ಎನ್ನುತ್ತೇವೆ. ಗಾದೆ ಕಟ್ಟಿದವರಿಗೆ ಸುಣ್ಣ ಕಣ್ಣಿಗೆ ಏನು ಮಾಡುತ್ತದೆಂಬುದು ಚೆನ್ನಾಗಿ ಗೊತ್ತಿದ್ದಿರಬೇಕು. ಸುಟ್ಟ ಚಿಪ್ಪಿನ ಮೇಲೆ ನೀರು ಹೊಯ್ದಾಗ ಅದು ಬುಸುಗುಟ್ಟಿ ಅರಳುವುದನ್ನು ನೋಡಿದವರುಂಟು. ಆ ಕುದಿ ಅಡಗಿದ ಮೇಲೆ ಉಳಿಯುವ ಬೆಣ್ಣೆಯಂಥ ಸುಣ್ಣ ತಣ್ಣಗಿರುತ್ತದೆ. ಆದರೆ ಅದರ ಕ್ಷಾರಗುಣ ತಣಿದಿರುವುದಿಲ್ಲ. ಕ್ಷಾರವನ್ನಳೆಯುವ ಮಾನದಲ್ಲಿ ಶುದ್ಧ ನೀರು 7ರಲ್ಲಿದ್ದರೆ ಸುಣ್ಣದ ತಿಳಿ 12ನ್ನು ದಾಟಿ ನಿಲ್ಲುತ್ತದೆ.

ಆಮ್ಲ ಬಿದ್ದರೆ ಕಣ್ಣಿನ ಮೇಲ್ಪದರ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಒಳಪದರಕ್ಕೆ ಒಂದಿಷ್ಟು ಅಡ್ಡಿಯಾಗಿ ನಿಲ್ಲುವುದುಂಟು. ಕ್ಷಾರ ಹಾಗಲ್ಲ, ಅದು ಪದರವನ್ನು ಕರಗಿಸುತ್ತ ಒಳಗೆ ಇಳಿಯುತ್ತ ಹೋಗುತ್ತದೆ. ಸುಣ್ಣದ ಕಣವೊಂದು ರೆಪ್ಪೆಯಡಿಯಲ್ಲಿ ಸಿಕ್ಕಿಕೊಂಡರೆ ಅದು ಅಲ್ಲಿಯೇ ಕುಳಿತು ಸುಡುತ್ತಲೇ ಇರುತ್ತದೆ. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲ ಬೆಳ್ಳಗಾಗಿ, ದೃಷ್ಟಿ ಶಾಶ್ವತವಾಗಿ ಹೋಗುವುದೂ ಉಂಟು. ಮಕ್ಕಳು ಸುಣ್ಣದ ಪೊಟ್ಟಣವನ್ನು ಅದುಮಿ ಆಡುತ್ತಿರುವಾಗ ಅದು ಒಡೆದು ಕಣ್ಣಿಗೆ ಚಿಮ್ಮಿದ ಪ್ರಕರಣಗಳನ್ನು ಭಾರತದ ನೇತ್ರವೈದ್ಯರು ಮತ್ತೆ ಮತ್ತೆ ವರದಿ ಮಾಡುತ್ತ ಬಂದಿದ್ದಾರೆ. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯಂಥ ಜನಸಂದಣಿಯಲ್ಲಿ, ಮಗುವನ್ನೆತ್ತಿಕೊಂಡವರ ಮಗ್ಗುಲಲ್ಲಿ ಒಬ್ಬರು ಪೊಟ್ಟಣ ಒಡೆಯುತ್ತಿದ್ದರೆ ಸಾಕು, ಅನಾಹುತಕ್ಕೆ ಬೇರೆ ಕಾರಣ ಬೇಕಿಲ್ಲ.

ಇಂಥದು ಆಗಿಯೇ ಹೋದರೆ ಏನು ಮಾಡಬೇಕೆಂಬುದನ್ನು ಗೃಹಿಣಿಯರು ಕಂಠಪಾಠ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಮೊದಲನೆಯದು ನೀರು, ಎರಡನೆಯದೂ ನೀರು. ಕುಡಿಯಲು ತಂದ ನೀರಿರಲಿ, ನಲ್ಲಿಯ ನೀರಿರಲಿ, ಕೈಗೆ ಸಿಕ್ಕ ಶುದ್ಧ ನೀರನ್ನು ಆ ಕ್ಷಣವೇ ಕಣ್ಣಿಗೆ ಸುರಿಯಬೇಕು. ಪೆಟ್ಟಾದ ಕಣ್ಣು ಕೆಳಗಾಗುವಂತೆ ತಲೆಯನ್ನು ಓರೆ ಮಾಡಿ, ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು, ಧಾರೆ ನಿಲ್ಲದಂತೆ ಕನಿಷ್ಠ ಅರ್ಧ ಗಂಟೆ ತೊಳೆಯಬೇಕು. ಬಿಳಿಯ ಕಣಗಳು ಕಂಡರೆ ಒದ್ದೆಯಾದ ಶುಭ್ರ ಬಟ್ಟೆಯ ತುದಿಯಿಂದ ಮೃದುವಾಗಿ ತೆಗೆಯಬೇಕು. ಉಜ್ಜಕೂಡದು. ಬೆಣ್ಣೆ, ತುಪ್ಪ, ಹಾಲು, ಹರಳೆಣ್ಣೆ ಯಾವುದನ್ನೂ ಹಾಕಕೂಡದು. ಸುಣ್ಣದ ಖಾರವನ್ನು ಹುಳಿ ಮುರಿಯುತ್ತದೆಂದು ನಿಂಬೆಯ ರಸ ಹಿಂಡುವ ಜಾಣರಿದ್ದರೆ ಅವರನ್ನು ದೂರ ನಿಲ್ಲಿಸಬೇಕು.

ತೊಳೆದ ಮೇಲೆಯೇ ವೈದ್ಯರಲ್ಲಿಗೆ ಹೊರಡುವುದು. ಗಾಬರಿಯಲ್ಲಿ ನಾವು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡುತ್ತೇವೆ. ಮಗುವನ್ನೆತ್ತಿಕೊಂಡು ಮೊದಲು ವಾಹನ ಹುಡುಕುತ್ತೇವೆ. ಸಾಗರದಿಂದ ಶಿವಮೊಗ್ಗ ಸುಮಾರು 70 ಕಿಲೋಮೀಟರು. ತೊಳೆಯದೆ ಹೊರಟರೆ ದಾರಿಯಲ್ಲಿ ಕಳೆಯುವ ಹೊತ್ತೆಲ್ಲ ಸುಣ್ಣದ ಪಾಲಿಗೆ ಹೋಗುತ್ತದೆ. ತೊಳೆದು ಹೊರಟು, ದಾರಿಯಲ್ಲಿಯೂ ತೊಳೆಯುತ್ತಲೇ ಹೋದ ಮಗುವಿನ ಕಣ್ಣು ಉಳಿಯುವ ಸಂಭವ ಎಷ್ಟೋ ಹೆಚ್ಚು.

ಬಸ್ಸು, ರೈಲು, ವಿಮಾನ

ಆದುದರಿಂದ ಪ್ರಯಾಣದಲ್ಲಿ ಮೊದಲ ನಿಯಮವಿದು: ಸುಣ್ಣ ಪೊಟ್ಟಣದಲ್ಲಿ ಬೇಡ, ತಿರುಗಿಸಿ ಮುಚ್ಚುವ ಗಟ್ಟಿ ಡಬ್ಬಿಯಲ್ಲಿರಲಿ. ಎರಡು ದಿನಕ್ಕೆ ಬೇಕಾದಷ್ಟೇ ಇರಲಿ. ತಾಳಗುಪ್ಪದಿಂದ ಹೊರಡುವ ರೈಲಿನಲ್ಲಿ ಮಲಗುವಾಗ ಸಂಚಿಯನ್ನು ಕೊಕ್ಕೆಗೆ ತೂಗುಹಾಕುವುದು ಹಲವರ ವಾಡಿಕೆ. ಆ ಕೊಕ್ಕೆಯ ಕೆಳಗೆ ಮಲಗಿರುವವರು ಯಾರೆಂದು ನೋಡಿಕೊಳ್ಳಬೇಕು. ನೆಂಟರ ಮನೆ ಹೊಕ್ಕೊಡನೆ ಸಂಚಿಗೊಂದು ಎತ್ತರದ ಜಾಗವನ್ನು ಕೇಳಿ ಪಡೆಯಬೇಕು. ‘ಇಲ್ಲೇ ಇರಲಿ ಬಿಡಿ, ಮಕ್ಕಳು ಮುಟ್ಟುವುದಿಲ್ಲ’ ಎಂಬ ಮಾತನ್ನು ನಂಬಬಾರದು. ಮುಟ್ಟದ ಮಕ್ಕಳನ್ನು ಬ್ರಹ್ಮನು ಇನ್ನೂ ಸೃಷ್ಟಿಸಿಲ್ಲ.

ಎಲೆಯನ್ನು ಒರೆಸಿ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಯೆಲೆಯ ಹೊದಿಕೆ ಹಾಕಿದರೆ ದಾರಿಯ ಬಿಸಿಲನ್ನು ತಡೆಯುತ್ತದೆ. ನೀರು ಸೋರುವಂತೆ ಕಟ್ಟಿದರೆ ಕೊಳೆಯುತ್ತದೆ. ಮಳೆಗಾಲದ ಮಲೆನಾಡಿನಿಂದ ಹೊರಡುವ ಅಡಿಕೆಯನ್ನು ಒಂದೊಂದಾಗಿ ನೋಡಿ ತುಂಬಬೇಕು. ಬೂಷ್ಟು ಹಿಡಿದುದನ್ನು ಒರೆಸಿ ಬಾಯಿಗೆ ಹಾಕುವುದು ಮಿತವ್ಯಯವಲ್ಲ. ಬೂಷ್ಟಿನ ಕೆಲವು ಜಾತಿಗಳು ಯಕೃತ್ತಿಗೆ ಕೇಡು ಮಾಡುವ ವಿಷವನ್ನು ಬಿಡುತ್ತವೆ. ಅಡಕತ್ತರಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಬೇಕು. ವಿಮಾನವಾದರೆ ಅದು ಕೈಚೀಲದಲ್ಲಿ ಸಲ್ಲದು. ತೂಕಕ್ಕೆ ಹಾಕಿ ಒಪ್ಪಿಸುವ ಪೆಟ್ಟಿಗೆಯಲ್ಲಿರಬೇಕು. ಮಗ ಕೊಡಿಸಿದ ಪವರ್ ಬ್ಯಾಂಕಿನ ಕಥೆ ಇದಕ್ಕೆ ನೇರ ವಿರುದ್ಧ: ಅದು ಪೆಟ್ಟಿಗೆಯಲ್ಲಿ ಸಲ್ಲದು, ಕೈಚೀಲದಲ್ಲಿಯೇ ಇರಬೇಕು, ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕಣ್ಣೆದುರಿಗಿದ್ದಾಗಲೇ ನಂದಿಸಬೇಕಾದುದರಿಂದ. ಎರಡನ್ನೂ ಅದಲುಬದಲು ಮಾಡಿ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚುವ ಪ್ರಸಂಗವನ್ನು ತಂದುಕೊಳ್ಳಬೇಡಿ.

ಇನ್ನು ಉಗುಳುವ ವಿಚಾರ. ತೋಟದಲ್ಲಿ ಅಡಿಕೆಮರದ ಬುಡ ಸಾಕಿತ್ತು. ರೈಲಿನ ಗೋಡೆ ಅಡಿಕೆಮರವಲ್ಲ. ರೈಲ್ವೆಯ 2012ರ ಶುಚಿತ್ವದ ನಿಯಮಗಳ ಪ್ರಕಾರ ಇದಕ್ಕೆ 500 ರೂಪಾಯಿವರೆಗೆ ದಂಡವುಂಟು. ದಂಡಕ್ಕಿಂತ ಮೊದಲು ಜತೆಗಿರುವ ಸೊಸೆಯ ನಾಚಿಕೆಯನ್ನು ನೆನೆಯುವುದು ಮೇಲು.

ಗಡಿಯಾಚೆ

ಮಗನನ್ನು ನೋಡಲು ಮಲೆನಾಡಿನ ತಂದೆತಾಯಿಗಳು ಈಗ ಕಡಲು ದಾಟಿ ಹೋಗುತ್ತಾರೆ. ಅಲ್ಲಿನ ಸುಂಕದವರಿಗೆ ನಮ್ಮ ಉಪಚಾರದ ಪದ್ಧತಿ ತಿಳಿಯದು. ದುಬೈಯಲ್ಲಿ ವೀಳ್ಯದೆಲೆಯೂ ಪಾನಿನ ಸಾಮಗ್ರಿಯೂ ಒಯ್ಯಬಾರದ ವಸ್ತುಗಳ ಪಟ್ಟಿಯಲ್ಲಿವೆ. ಸಿಂಗಪುರದಲ್ಲಿ ಜಗಿಯುವ ಹೊಗೆಸೊಪ್ಪು ನಿಷಿದ್ಧ. ಹೊರಡುವ ಮುನ್ನ ಆ ದೇಶದ ನಿಯಮವನ್ನು ಮಗನಿಂದಲೇ ಓದಿಸಿ ತಿಳಿದುಕೊಂಡು, ಸಲ್ಲದ ಕಡೆ ಸಂಚಿಯನ್ನು ಮನೆಯ ಗೂಟಕ್ಕೇ ಬಿಟ್ಟು ಹೋಗುವುದು ವಿವೇಕ.

ಆ ಕಡೆಯಿಂದ ಬರುವ ಸಾಮಾನಿನಲ್ಲಿಯೂ ಒಂದು ತೊಡಕುಂಟು. ಹೊರದೇಶದಿಂದ ರಜೆಗೆ ಬರುವ ತರುಣರ ಚೀಲದಲ್ಲಿ ಕೆಲವೊಮ್ಮೆ ಲೇಖನಿಯಂತಿರುವ, ಬ್ಯಾಟರಿಯಿಂದ ನಡೆಯುವ ಇ-ಸಿಗರೇಟು ಇರುತ್ತದೆ. ಕರ್ನಾಟಕ ಸರ್ಕಾರ 2016ರಲ್ಲಿಯೇ ಇದನ್ನು ನಿಷೇಧಿಸಿತು. ಇಡೀ ದೇಶಕ್ಕೆ ಅನ್ವಯಿಸುವ ಸುಗ್ರೀವಾಜ್ಞೆ 2019ರ ಸೆಪ್ಟೆಂಬರಿನಲ್ಲಿ ಬಂದು, ಅದೇ ವರ್ಷ ಕಾಯಿದೆಯೂ ಆಯಿತು. ಅದರ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಸಂಗ್ರಹ, ಜಾಹೀರಾತು ಎಲ್ಲವೂ ಅಪರಾಧ. ಆಮದಿಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆ, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ; ಸಂಗ್ರಹಕ್ಕೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದುದರಿಂದ ಈ ಸಾಧನವನ್ನು ಪ್ರಯಾಣದಲ್ಲಿ ಹೇಗೆ ಜೋಪಾನವಾಗಿ ಒಯ್ಯಬೇಕೆಂಬ ಪ್ರಶ್ನೆಗೆ ನಮ್ಮ ದೇಶದಲ್ಲಿರುವ ಉತ್ತರ ಒಂದೇ: ತರಬಾರದು. ಅದರೊಳಗಿನ ನಿಕೋಟಿನಿನ ದ್ರವ ಬಹುಮಟ್ಟಿಗೆ ಹಣ್ಣಿನ ಪರಿಮಳದ್ದು. ಮಕ್ಕಳು ಸ್ವಲ್ಪವೇ ನುಂಗಿದರೂ ಪ್ರಾಣಕ್ಕೆ ಸಂಚಕಾರ. ಅದರ ಬ್ಯಾಟರಿಯನ್ನು ಕಸದ ಬುಟ್ಟಿಗಾಗಲಿ, ಬಚ್ಚಲೊಲೆಗಾಗಲಿ ಎಸೆಯುವುದೂ ಅಪಾಯ.

ಅಜ್ಜನೂ ಮೊಮ್ಮಗನೂ

ಇಲ್ಲಿ ಮೊಮ್ಮಗ ಒಂದು ಪ್ರಶ್ನೆ ಕೇಳುತ್ತಾನೆ. ‘ನನ್ನದಕ್ಕೆ ಸೆರೆಮನೆ, ಅಜ್ಜನ ಸಂಚಿಗೆ ಹರಿವಾಣದ ಮರ್ಯಾದೆ. ಇದು ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣವಲ್ಲವೆ?’ ಪ್ರಶ್ನೆ ಉದ್ಧಟತನದ್ದೆಂದು ಗದರಿಸಿಬಿಡುವುದು ಸುಲಭ. ಆದರೆ ಅದರಲ್ಲಿ ಸತ್ಯಾಂಶವಿದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ 2003ರಲ್ಲಿ ಸೇರಿದ ತಜ್ಞರು ಹೊಗೆಸೊಪ್ಪು ಸೇರಿದ ಕವಳವನ್ನಷ್ಟೇ ಅಲ್ಲ, ಹೊಗೆಸೊಪ್ಪಿಲ್ಲದ ಕವಳವನ್ನೂ, ಬರಿಯ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗದಲ್ಲಿ ಸೇರಿಸಿದರು. ಅಡಿಕೆಯ ದರ ಏರಿದಾಗ ಮದುವೆ, ಇಳಿದಾಗ ಸಾಲ ಎಂಬಂತೆ ಬದುಕುವ ಸೀಮೆಗೆ ಈ ಮಾತು ರುಚಿಸದು. ಅದರ ಮೇಲೆ ವಾದವಿವಾದ ನಡೆಯುತ್ತಲೇ ಇದೆ. ಆದರೆ ತೋಟದ ಹಿತ ಬೇರೆ, ಬಾಯಿಯ ಹಿತ ಬೇರೆ. ಬೆಳೆಗಾರನ ಪರವಾಗಿ ಮಾತಾಡುವುದಕ್ಕೆ ಅನೇಕರಿದ್ದಾರೆ. ಅಜ್ಜನ ಬಾಯಿಯ ಪರವಾಗಿ ಮಾತಾಡುವವರು ಮನೆಯವರೇ ಆಗಬೇಕು.

ಐವತ್ತು ವರ್ಷದ ಅಭ್ಯಾಸವನ್ನು ಒಂದು ಲೇಖನದಿಂದ ಬಿಡಿಸಬಹುದೆಂಬ ಭ್ರಮೆ ನಮಗಿಲ್ಲ. ಹೊಗೆಸೊಪ್ಪಿನ ಅರೆಯನ್ನು ಖಾಲಿ ಮಾಡುವುದರಿಂದ ಪ್ರಾರಂಭಿಸಬಹುದು. ರಾತ್ರಿ ಕವಳವನ್ನು ಬಾಯಲ್ಲಿಟ್ಟುಕೊಂಡು ಮಲಗುವುದನ್ನು ನಿಲ್ಲಿಸಬಹುದು. ವರ್ಷಕ್ಕೊಮ್ಮೆ ದಂತವೈದ್ಯರಿಗೆ ಬಾಯಿ ತೋರಿಸಬಹುದು. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಕೆನ್ನೆಯ ಒಳಗೆ ಬಿಳಿಯ ಅಥವಾ ಕೆಂಪು ಮಚ್ಚೆ, ಖಾರ ತಾಗಿದರೆ ಉರಿ, ಬಾಯಿ ಮೊದಲಿನಷ್ಟು ತೆರೆಯದಿರುವುದು, ಇವುಗಳಲ್ಲಿ ಒಂದು ಕಂಡರೂ ‘ಎಲೆಯ ಖಾರ’ವೆಂದು ಸುಮ್ಮನಿರದೆ ಆ ವಾರವೇ ವೈದ್ಯರ ಬಳಿಗೆ ಹೋಗಬೇಕು. ಬೇಗ ಕಂಡುಹಿಡಿದರೆ ಗುಣವಾಗುವ ಸಂಭವ ಹೆಚ್ಚು.

ಮೊಮ್ಮಗನಿಗೆ ಕೊಡಬೇಕಾದ ಉತ್ತರವೂ ಇದೇ. ಅಜ್ಜನಿಗೆ ಅಭ್ಯಾಸ ಅಂಟಿದ್ದು ಅದರ ಕೇಡು ತಿಳಿಯದ ಕಾಲದಲ್ಲಿ. ಮೊಮ್ಮಗನ ಕಾಲದಲ್ಲಿ ಎಲ್ಲವೂ ತಿಳಿದಿದೆ. ಅಜ್ಜ ಹೊಗೆಸೊಪ್ಪಿನ ಅರೆಯನ್ನು ಬರಿದು ಮಾಡಿದ ದಿನ ಮೊಮ್ಮಗನೂ ತನ್ನ ಚೀಲವನ್ನು ಬರಿದು ಮಾಡಲಿ. ಇಬ್ಬರ ನಡುವೆ ಇಷ್ಟು ಒಪ್ಪಂದವಾದರೆ ಸಾಕು. ಅಲ್ಲಿಯವರೆಗೆ ಮನೆಯೊಡತಿ ಮರೆಯದೆ ಮಾಡಬೇಕಾದ ಕೆಲಸವೊಂದಿದೆ: ಪ್ರಯಾಣಕ್ಕೆ ಹೊರಡುವ ಮುನ್ನ ಸಂಚಿಯ ದಾರ ಬಿಚ್ಚಿ, ಸುಣ್ಣದ ಡಬ್ಬಿಯ ಮುಚ್ಚಳವನ್ನು ತಾನೇ ಒಮ್ಮೆ ತಿರುಗಿಸಿ ನೋಡಬೇಕು.